'ಕಾಂಬ' ಎಂಬ ಮಾತಿಗೆ ಎರಡು ಅರ್ಥ: ಸ್ಟೀವ್ ಜಾಬ್ಸ್ ಕಾಯಿಲೆಯ ಕಥನಗಳ ಒಂದು ವಿಮರ್ಶೆ

ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಅವರ ಕಾಯಿಲೆಯ ಬಗ್ಗೆ ನಮ್ಮಲ್ಲಿ ಹೆಚ್ಚಿನವರು ತಿಳಿದುಕೊಂಡಿರುವುದು ಎರಡು ಮೂಲಗಳಿಂದ. ಒಂದು, 2005ರ ಜೂನ್ 12ರಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಅವರೇ ಮಾಡಿದ ಭಾಷಣ. ಇನ್ನೊಂದು, 2011ರ ಅಕ್ಟೋಬರ್ 5ರಂದು ಅವರು ತೀರಿಕೊಂಡ ಮೂರು ವಾರದೊಳಗೆ ಹೊರಬಂದ, ವಾಲ್ಟರ್ ಐಸಾಕ್‌ಸನ್ ಬರೆದ ಜೀವನಚರಿತ್ರೆ. ಭಾಷಣವನ್ನು ಕಾಲೇಜುಗಳ ಬೀಳ್ಕೊಡುಗೆ ಸಮಾರಂಭಗಳಲ್ಲಿ ನೀವೂ ಕೇಳಿರುತ್ತೀರಿ. ಪುಸ್ತಕವನ್ನು ಪೂರ್ತಿ ಓದಿದವರು ಕಡಿಮೆ. ಆದರೆ ಅದರಲ್ಲಿರುವ 'ಒಂಬತ್ತು ತಿಂಗಳ' ಸಂಗತಿ ಮಾತ್ರ ಕುಂದಾಪುರದ ಹೋಟೆಲಿನ ಮೇಜಿನವರೆಗೂ ಬಂದು ತಲುಪಿದೆ. ಈ ಎರಡು ಕಥನಗಳನ್ನು ವಿಜ್ಞಾನದ ವಿದ್ಯಾರ್ಥಿಯ ಕಣ್ಣಿನಿಂದ ಓದಿದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಭಾಷಣದಲ್ಲಿ ಕಥೆ ಒಂದೇ ದಿನದಲ್ಲಿ ಮುಗಿಯುತ್ತದೆ. ಬೆಳಗ್ಗೆ ಸ್ಕ್ಯಾನ್, ಮೇದೋಜೀರಕದಲ್ಲಿ ಗಡ್ಡೆ, ಇನ್ನು ಕೆಲವೇ ತಿಂಗಳ ಆಯುಷ್ಯ ಎಂಬ ಮಾತು. ಸಂಜೆ ಸೂಜಿ ಹಾಕಿ ಕೋಶಗಳನ್ನು ತೆಗೆದು ನೋಡಿದಾಗ ಅದು ಶಸ್ತ್ರಕ್ರಿಯೆಯಿಂದ ಗುಣವಾಗಬಲ್ಲ ಅಪರೂಪದ ಬಗೆ ಎಂಬ ಸಮಾಧಾನ. ಶಸ್ತ್ರಕ್ರಿಯೆ ಆಯಿತು, ಈಗ ಚೆನ್ನಾಗಿದ್ದೇನೆ ಎಂಬ ಮುಕ್ತಾಯ. ಕೇಳುಗರಿಗೆ ಸಂಜೆಗೂ ಶಸ್ತ್ರಕ್ರಿಯೆಗೂ ನಡುವೆ ಹೆಚ್ಚೆಂದರೆ ಒಂದು ವಾರ ಕಳೆದಿರಬೇಕು ಎನ್ನಿಸುತ್ತದೆ. ನಿಜವಾಗಿ ಗಡ್ಡೆ ಕಂಡದ್ದು 2003ರ ಅಕ್ಟೋಬರ್‌ನಲ್ಲಿ, ಶಸ್ತ್ರಕ್ರಿಯೆ ನಡೆದದ್ದು 2004ರ ಜುಲೈ ಕೊನೆಯಲ್ಲಿ. ಈ ಅಂತರವನ್ನು 2008ರ ಮಾರ್ಚ್‌ನಲ್ಲಿ ಫಾರ್ಚೂನ್ ಪತ್ರಿಕೆ ಬಯಲಿಗೆ ತಂದಿತು. ಅಷ್ಟು ಕಾಲ ಅವರು ವೈದ್ಯರ ಸಲಹೆಗೆ ಒಪ್ಪದೆ ಪಥ್ಯ, ಅಕ್ಯುಪಂಕ್ಚರ್ ಮುಂತಾದವನ್ನು ನೆಚ್ಚಿಕೊಂಡಿದ್ದರು ಎಂದು ಐಸಾಕ್‌ಸನ್ ವಿವರವಾಗಿ ಬರೆದಿದ್ದಾರೆ. ಹೊಟ್ಟೆ ತೆರೆದಾಗ ಯಕೃತ್ತಿನಲ್ಲಿ ಮೂರು ಕಡೆ ಕಾಯಿಲೆ ಹರಡಿದ್ದು ಕಂಡಿತ್ತೆಂಬುದೂ ಆ ಪುಸ್ತಕದಲ್ಲೇ ಇದೆ. ಎಂದರೆ, 'ಈಗ ಚೆನ್ನಾಗಿದ್ದೇನೆ' ಎಂದು ಘಟಿಕೋತ್ಸವದಲ್ಲಿ ಹೇಳುವಾಗ ಭಾಷಣಕಾರರಿಗೆ ವಿಷಯ ಬೇರೆಯೇ ಇದೆ ಎಂದು ತಿಳಿದಿತ್ತು. ಭಾಷಣವನ್ನು ಬದುಕಿನ ಪಾಠವೆಂದು ಬಾಯಿಪಾಠ ಮಾಡುವವರು ಇದನ್ನು ಗಮನಿಸಬೇಕು. ಒಬ್ಬ ವ್ಯಕ್ತಿ ತನ್ನ ಕಾಯಿಲೆಯನ್ನು ಗುಟ್ಟಾಗಿಡುವ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಅದೇ ಕಾಯಿಲೆಯನ್ನು ಪಾಠವಾಗಿಸಿ ಹೇಳಿದಾಗ, ಬಿಟ್ಟದ್ದೇನು ಎಂದು ಕೇಳುವ ಹಕ್ಕು ಓದುಗನಿಗೆ ಬರುತ್ತದೆ.

ಈಗ ಆ ಅಂಗದ ಬಗ್ಗೆ ಎರಡು ಮಾತು. ಮೇದೋಜೀರಕ ಎಂಬ ನಮ್ಮ ಶಬ್ದವೇ ಅರ್ಧ ಸತ್ಯ ಹೇಳುತ್ತದೆ. ಕೊಬ್ಬನ್ನು ಜೀರ್ಣಿಸುವುದು ಎಂದು ಅದರ ಅರ್ಥ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿಯ ಬಹುಭಾಗ ಜೀರ್ಣರಸ ತಯಾರಿಸುವುದು ನಿಜ. ಆದರೆ ಅದರೊಳಗೆ ಸಣ್ಣ ಸಣ್ಣ ಕೋಶಗುಚ್ಛಗಳು ಹರಡಿಕೊಂಡಿದ್ದು, ಅವು ಇನ್ಸುಲಿನ್, ಗ್ಲುಕಗಾನ್ ಮುಂತಾದ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. 1869ರಲ್ಲಿ ಇವುಗಳನ್ನು ಮೊದಲು ವರ್ಣಿಸಿದ ಪಾಲ್ ಲ್ಯಾಂಗರ್‌ಹಾನ್ಸ್ ಅವರ ಹೆಸರಿನಿಂದಲೇ ಈ ಕಿರುದ್ವೀಪಗಳನ್ನು ಕರೆಯುತ್ತಾರೆ. ತೂಕದಲ್ಲಿ ಇವು ಗ್ರಂಥಿಯ ನೂರರಲ್ಲಿ ಒಂದೆರಡು ಪಾಲು ಮಾತ್ರ. ಜೀರ್ಣರಸದ ನಾಳಗಳ ಒಳಪದರದ ಕೋಶಗಳು ಕೆಟ್ಟಾಗ ಬರುವುದು ಎಲ್ಲರೂ ಹೆದರುವ ಮೇದೋಜೀರಕದ ಕ್ಯಾನ್ಸರ್. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳು ಇವೇ. ಹಾರ್ಮೋನಿನ ಕೋಶಗಳಿಂದ ಹುಟ್ಟುವುದು ನ್ಯೂರೋಎಂಡೋಕ್ರೈನ್ ಗಂತಿ. ಜಾಬ್ಸ್ ಅವರಿಗೆ ಇದ್ದದ್ದು ಈ ಎರಡನೆಯದು. ಮೊದಲನೆಯ ಬಗೆಯಲ್ಲಿ ಐದು ವರ್ಷ ಬದುಕುಳಿಯುವವರು ಇಂದಿಗೂ ಕೆಲವೇ ಮಂದಿ. ಎರಡನೆಯ ಬಗೆ ಅಂಗದಲ್ಲೇ ಸೀಮಿತವಾಗಿದ್ದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಒಂದೇ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಇವನ್ನು ಅವಳಿಗಳೆಂದು ಕರೆಯುವುದು ಸರಿಯಲ್ಲ.

ನಮ್ಮ ಪತ್ರಿಕೆಗಳು ಮಾಡುವುದು ಇದನ್ನೇ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರಿಕ್ಕರ್ 2019ರ ಮಾರ್ಚ್ 17ರಂದು ತೀರಿಕೊಂಡಾಗ ನಾನು ಓದಿದ ಒಂದೆರಡು ಬರಹಗಳಲ್ಲಿ ಜಾಬ್ಸ್ ಹೆಸರೂ ಒಂದೇ ಸಾಲಿನಲ್ಲಿ ಬಂದಿತ್ತು. ಗಂತಿಯ ಬಗೆ ಯಾವುದು ಎಂಬ ಪ್ರಶ್ನೆಯೇ ಇಲ್ಲ. ಅಮೆರಿಕದ ಗಣಕವಿಜ್ಞಾನಿ ರ‍್ಯಾಂಡಿ ಪೌಶ್ ಅವರಿಗೆ ಇದ್ದದ್ದು ನಾಳದ ಬಗೆಯ ಕ್ಯಾನ್ಸರ್. 2006ರಲ್ಲಿ ಪತ್ತೆಯಾಗಿ ಶಸ್ತ್ರಕ್ರಿಯೆ ಆದರೂ 2008ರ ಜುಲೈನಲ್ಲಿ ಅವರು ತೀರಿಕೊಂಡರು. ಗಾಯಕಿ ಅರೀತಾ ಫ್ರಾಂಕ್ಲಿನ್ ಅವರಿಗೆ ಇದ್ದದ್ದು ನ್ಯೂರೋಎಂಡೋಕ್ರೈನ್. 2010ರಲ್ಲಿ ಪತ್ತೆಯಾದ ಮೇಲೆ 2018ರವರೆಗೆ ಬದುಕಿದ್ದರು. ಇನ್ನೂ ಸ್ವಾರಸ್ಯದ್ದು ಇಂಗ್ಲೆಂಡಿನ ಗಿಟಾರ್ ವಾದಕ ವಿಲ್ಕೋ ಜಾನ್ಸನ್ ಅವರ ಪ್ರಕರಣ. 2013ರ ಆರಂಭದಲ್ಲಿ ಅವರಿಗೆ ಮೇದೋಜೀರಕದ ಕ್ಯಾನ್ಸರ್, ಹೆಚ್ಚು ದಿನ ಉಳಿಯಲಾರಿರಿ ಎಂದು ಹೇಳಲಾಯಿತು. ಅವರು ಔಷಧಿ ಬೇಡವೆಂದು ಕಛೇರಿಗಳನ್ನು ಕೊಡುತ್ತಾ ಹೊರಟರು. ಹೇಳಿದ ಗಡುವು ಮುಗಿದರೂ ಮನುಷ್ಯ ಗಟ್ಟಿಯಾಗಿರುವುದನ್ನು ಕಂಡು, ಛಾಯಾಗ್ರಾಹಕರೂ ಕ್ಯಾನ್ಸರ್ ಶಸ್ತ್ರವೈದ್ಯರೂ ಆಗಿದ್ದ ಒಬ್ಬ ಅಭಿಮಾನಿಗೆ ಸಂಶಯ ಬಂತು. ಮರುಪರೀಕ್ಷೆಯಲ್ಲಿ ಅದು ನ್ಯೂರೋಎಂಡೋಕ್ರೈನ್ ಗಂತಿ ಎಂದು ತಿಳಿಯಿತು. 2014ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನಲ್ಲಿ ಅದನ್ನು ತೆಗೆದಾಗ ತೂಕ ಸುಮಾರು 3 ಕಿಲೋಗ್ರಾಮ್! ಅವರು 2022ರ ನವೆಂಬರ್‌ವರೆಗೆ ಬದುಕಿದ್ದರು. ಸಿದ್ಧಾಂತ ಹೇಳಿದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ಹೊಂದಿಕೆಯಾಗದಿದ್ದರೆ ಸಿದ್ಧಾಂತವನ್ನು ಮರುಪರಿಶೀಲಿಸಬೇಕು ಎಂದು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಐಸಾಕ್‌ಸನ್ ಪುಸ್ತಕಕ್ಕೆ ಬರೋಣ. ಅದರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಭಾಷಣ ಮುಚ್ಚಿಟ್ಟದ್ದನ್ನು ಅದು ತೆರೆದಿಟ್ಟಿದೆ. 2009ರ ಯಕೃತ್ತಿನ ಕಸಿ, ಗಂತಿಯ ಜೀನ್‌ಗಳನ್ನೆಲ್ಲ ಓದಿಸಿ ಔಷಧಿ ಆರಿಸಿದ ಪ್ರಯತ್ನ, ಇವುಗಳ ವಿವರ ಚೆನ್ನಾಗಿದೆ. ಆದರೆ ಓದುಗನ ಮನಸ್ಸಿನಲ್ಲಿ ಉಳಿಯುವುದು ಒಂದೇ ತೀರ್ಪು: ಆ ಒಂಬತ್ತು ತಿಂಗಳು ಕಾಯದೆ ಇದ್ದಿದ್ದರೆ ಬದುಕುತ್ತಿದ್ದರು. ಈ ತೀರ್ಪಿಗೆ ಬೇಕಾದ ಆಧಾರ ಪುಸ್ತಕದಲ್ಲಿ ಇದೆಯೇ? ಗಂತಿ ಬೆಳೆದಿತ್ತು ಎಂಬ ಮಾತು ಸಿಗುತ್ತದೆ. ಎಷ್ಟರಿಂದ ಎಷ್ಟಕ್ಕೆ? ಕೋಶಗಳು ಎಷ್ಟು ವೇಗವಾಗಿ ವಿಭಜನೆಗೊಳ್ಳುತ್ತಿದ್ದವು? ಇದು ಸಿಗುವುದಿಲ್ಲ. ವೇಗ ಗೊತ್ತಿಲ್ಲದೆ ಒಂಬತ್ತು ತಿಂಗಳು ಹೆಚ್ಚೋ ಕಡಿಮೆಯೋ ಎಂದು ಹೇಳುವುದು, ಬಸ್ಸಿನ ವೇಗ ತಿಳಿಯದೆ ಬೈಂದೂರು ತಲುಪುವ ಹೊತ್ತು ಹೇಳಿದ ಹಾಗೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಯಕೃತ್ತಿನಲ್ಲಿ ಕಂಡ ಒಂದೊಂದು ಮರಿಗಂತಿಯ ವ್ಯಾಸ 5 ಮಿ.ಮೀ. ಇತ್ತೆಂದು ಭಾವಿಸಿ. ಅದರ ಗಾತ್ರ ಸುಮಾರು 65 ಘನ ಮಿ.ಮೀ. ಒಂದು ಘನ ಮಿ.ಮೀ. ಊತಕದಲ್ಲಿ ಸುಮಾರು ಹತ್ತು ಲಕ್ಷ ಕೋಶಗಳಿರುತ್ತವೆ ಎಂಬುದು ರೂಢಿಯ ಅಂದಾಜು. ಎಂದರೆ ಆರೂವರೆ ಕೋಟಿ ಕೋಶ. ಒಂದೇ ಕೋಶದಿಂದ ಹೊರಟು ಇಷ್ಟಾಗಲು 26 ಸಲ ಇಮ್ಮಡಿಯಾಗಬೇಕು. ಇದೆಲ್ಲ ಆ ಒಂಬತ್ತು ತಿಂಗಳಲ್ಲೇ ನಡೆಯಬೇಕಾದರೆ ಹತ್ತು ದಿನಕ್ಕೊಮ್ಮೆ ಇಮ್ಮಡಿಯಾಗಬೇಕು. ಅದೇ ವೇಗದಲ್ಲಿ 2 ಸೆಂ.ಮೀ. ಮೂಲಗಂತಿಯೂ ಬೆಳೆದಿದ್ದರೆ ಒಂಬತ್ತು ತಿಂಗಳಲ್ಲಿ ಅದರ ವ್ಯಾಸ 8 ಮೀಟರ್ ಆಗಬೇಕಿತ್ತು! ಮೂಲಗಂತಿ ಮತ್ತು ಮರಿಗಂತಿ ಒಂದೇ ವೇಗದಲ್ಲಿ ಬೆಳೆಯಬೇಕೆಂದಿಲ್ಲ, ಬೆಳೆಯುತ್ತಾ ಹೋದಂತೆ ವೇಗ ಇಳಿಯುವುದೂ ಉಂಟು, ಒಂದೇ ಕೋಶದ ಬದಲು ಒಂದು ಗುಂಪೇ ಹೋಗಿ ನೆಲೆಸಿರಬಹುದು. ಅಷ್ಟೆಲ್ಲ ರಿಯಾಯಿತಿ ಕೊಟ್ಟರೂ, ನಿಧಾನ ಬೆಳೆಯುವ ಬಗೆಯಲ್ಲಿ ಆ ಬೀಜಗಳು 2003ರ ಅಕ್ಟೋಬರ್‌ಗೆ ಮೊದಲೇ ಬಿದ್ದಿದ್ದವು ಎನ್ನುವುದೇ ಹೆಚ್ಚು ಸಂಭಾವ್ಯ. ಹಾಗಾದರೆ ಕಾಯ್ದದ್ದು ಸರಿಯೇ? ಅಲ್ಲ. ಶಸ್ತ್ರಕ್ರಿಯೆ ಬೇಕೆಂದು ವೈದ್ಯರು ಹೇಳಿದ್ದರು. ಆ ಅವಧಿಯಲ್ಲಿ ಹೊಸ ಬೀಜ ಬೀಳಲಿಲ್ಲ ಎಂದು ಯಾರೂ ಹೇಳಲಾರರು. ನಾನು ಹೇಳುತ್ತಿರುವುದು ಇಷ್ಟೇ: ಪುಸ್ತಕ ಕೊಡುವ ಮಾಹಿತಿಯಿಂದ ಆ ತೀರ್ಪು ಹೊರಡುವುದಿಲ್ಲ. ಆಪಾದನೆ ಹೊರಿಸುವವರಿಗೂ ಸಮರ್ಥಿಸುವವರಿಗೂ ಅಂಕಿಗಳಿಲ್ಲ.

ಇಲ್ಲಿ ಒಂದು ವಿಷಯ ಹೇಳದೆ ಮುಂದುವರಿದರೆ ವಿಮರ್ಶಕನ ಪಕ್ಷಪಾತ ಓದುಗರಿಗೆ ತಿಳಿಯದೆ ಹೋಗುತ್ತದೆ. ನನ್ನ ಮೇದೋಜೀರಕದ ಬಾಲದ ಕಡೆಗೆ 13 ಮಿ.ಮೀ. ವ್ಯಾಸದ ಇಂಥದೇ ಒಂದು ಗಂತಿ ಇದೆ. 2019ರಲ್ಲಿ ಮೂತ್ರಕೋಶದ ಕಲ್ಲು ಹುಡುಕಲು ಹೋದಾಗ ಸಿಕ್ಕಿದ್ದು. (ಜಾಬ್ಸ್ ಅವರದ್ದೂ ಮೂತ್ರಪಿಂಡದ ತಪಾಸಣೆಗೆ ಹೋದಾಗಲೇ ಸಿಕ್ಕಿದ್ದು, ಅವರು ತೀರಿಕೊಂಡ ವಯಸ್ಸು 56, ನನಗೂ ಈಗ ಅಷ್ಟೇ.) ಅಂತರ್ದರ್ಶಕದ ಮೂಲಕ ಸೂಜಿ ಹಾಕಿ ಪರೀಕ್ಷಿಸಿದರು. ವಿಭಜನೆಯಲ್ಲಿ ತೊಡಗಿದ ಕೋಶಗಳ ಪ್ರಮಾಣವನ್ನು ಸೂಚಿಸುವ ಕಿ-67 ಎಂಬ ಅಂಕಿ ನೂರಕ್ಕೆ 3ಕ್ಕಿಂತ ಕಡಿಮೆ. ಎಂದರೆ ಒಂದನೆಯ ದರ್ಜೆ. ಹಾರ್ಮೋನ್ ಸುರಿಸುತ್ತಿಲ್ಲ, ನಾಳವನ್ನು ಒತ್ತುತ್ತಿಲ್ಲ, ನನಗೆ ಯಾವ ತೊಂದರೆಯನ್ನೂ ಕೊಡುತ್ತಿಲ್ಲ. ತೆಗೆಯುವುದು ಬೇಡ, ನೋಡುತ್ತಾ ಇರೋಣ ಎಂದು ವೈದ್ಯರು ಹೇಳಿದರು. ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ.

ಇದು ವೈದ್ಯರ ಔದಾರ್ಯವಲ್ಲ. 2 ಸೆಂ.ಮೀ.ಗಿಂತ ಚಿಕ್ಕದಾದ, ತೊಂದರೆ ಕೊಡದ ಇಂಥ ಗಂತಿಗಳನ್ನು ನಿಗಾದಲ್ಲಿಡಬಹುದು ಎಂದು ಯುರೋಪಿನ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಆಸ್ಪೆನ್ ಎಂಬ ಅಂತರರಾಷ್ಟ್ರೀಯ ಅಧ್ಯಯನ 2017ರಲ್ಲಿ ಆರಂಭವಾಗಿ ಇಂಥವರನ್ನೇ ಹಿಂಬಾಲಿಸುತ್ತಿದೆ. ಅದರ ಮೊದಲ 500 ಮಂದಿಯಲ್ಲಿ ಐವರಲ್ಲಿ ನಾಲ್ವರು ನಿಗಾದಲ್ಲಿದ್ದರು. ಏಕೆಂದರೆ ಮೇದೋಜೀರಕದ ಶಸ್ತ್ರಕ್ರಿಯೆ ಕರುಳುಬಾಲ ತೆಗೆದಷ್ಟು ಸುಲಭವಲ್ಲ. ಕೊಯ್ದ ಕಡೆಯಿಂದ ಜೀರ್ಣರಸ ಸೋರಬಹುದು, ಗುಲ್ಮವನ್ನೂ ತೆಗೆಯಬೇಕಾಗಬಹುದು, ಸಕ್ಕರೆ ಕಾಯಿಲೆ ಬರಬಹುದು. ಜಾಬ್ಸ್ ಅವರ ಕಾಲಕ್ಕೆ ಈ ತಿಳಿವಳಿಕೆ ಇಷ್ಟು ಖಚಿತವಾಗಿರಲಿಲ್ಲ ಎಂಬುದನ್ನೂ ನೆನಪಿಡಿ. ಇಂದಿನ ಮಾರ್ಗಸೂಚಿ ಹಿಡಿದು ಅಂದಿನವರನ್ನು ಸಮರ್ಥಿಸುವುದೂ ಸಲ್ಲದು.

ನಮ್ಮ ಕುಂದಾಪುರ ಕನ್ನಡದಲ್ಲಿ 'ಕಾಂಬ' ಎಂಬ ಮಾತಿದೆ. ನೋಡೋಣ ಎಂದರ್ಥ. ಆದರೆ ಸಾಲ ಕೇಳಲು ಹೋದವನಿಗೆ 'ಕಾಂಬ' ಎಂದರೆ ಅದರ ಅರ್ಥ ಬೇರೆ. ಹೋಗಿ ಬಾ ಎಂದು. ಕಣ್ಣಿಟ್ಟು ನೋಡುವುದು ಒಂದು ಕಾಂಬ, ಮುಂದಕ್ಕೆ ತಳ್ಳುವುದು ಇನ್ನೊಂದು ಕಾಂಬ. ಜಾಬ್ಸ್ ಕುರಿತ ಚರ್ಚೆಯೆಲ್ಲ ಎಡವಿರುವುದು ಇಲ್ಲೇ. ಅವರು ಕಾದರು, ಸತ್ತರು. ಆದ್ದರಿಂದ ಕಾಯಬಾರದು ಎಂದು ಒಂದು ಗುಂಪು. ನನ್ನ ಚಿಕ್ಕಿ ಈ ಗುಂಪಿಗೆ ಸೇರಿದವರು. "ಗಂಟ್ ಇಟ್ಕಂಡ್ ಸುಮ್ನೆ ಕೂಕಂಡಿದ್ಯಲ್ಲ ಮಗಾ, ತೆಗ್ಸುಕಾತಿಲ್ಯಾ?" ಎಂದು ಪ್ರತಿ ಹಬ್ಬಕ್ಕೂ ಕೇಳುತ್ತಾರೆ. ಸುಮ್ಮನೆ ಕೂತಿಲ್ಲ ಎಂದು ಅವರಿಗೆ ಅರ್ಥ ಮಾಡಿಸಲು ನನ್ನ ಡಾಕ್ಟರೇಟ್ ಸಾಲುವುದಿಲ್ಲ.

ಸುಮ್ಮನೆ ಕೂರದಿರುವುದು ಎಂದರೇನು? ಮುಖ್ಯವಾಗಿ, ಅಳತೆ. ಈ ಆರು ವರ್ಷಗಳಲ್ಲಿ ನನ್ನ ವರದಿಗಳಲ್ಲಿ 12ರಿಂದ 14 ಮಿ.ಮೀ.ವರೆಗೆ ಅಂಕಿಗಳು ಏರಿಳಿದಿವೆ. 13 ಇದ್ದದ್ದು 14 ಆದರೆ ವ್ಯಾಸದಲ್ಲಿ ಶೇಕಡಾ 8ರಷ್ಟೂ ಹೆಚ್ಚಿಲ್ಲ, ಆದರೆ ಗಾತ್ರದಲ್ಲಿ ಶೇಕಡಾ 25 ಹೆಚ್ಚಾದಂತೆ. ಕೇಳಿದವರಿಗೆ ಎದೆ ಝಲ್ಲೆನ್ನುತ್ತದೆ. ಹಾಗಿದ್ದರೆ ಅದು ಬೆಳೆದಿದೆಯೇ? ಮಸುಕು ಅಂಚಿನ ಒಂದು ನೆರಳನ್ನು ಅಳೆಯುವಾಗ ಒಂದೆರಡು ಮಿ.ಮೀ. ಆಚೀಚೆ ಆಗುವುದು ಸಹಜ. ಅದಕ್ಕಿಂತ ಚಿಕ್ಕ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಪ್ರಯೋಗಾಲಯದಲ್ಲಿ ನಾವು ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠ ಇದು; ಅಳತೆಯ ಪಕ್ಕ ಅದರ ದೋಷದ ಮಿತಿ ಬರೆಯದಿದ್ದರೆ ಅಂಕ ಕತ್ತರಿಸುತ್ತೇವೆ. ಆದರೆ ನನಗೆ ಬಂದ ಯಾವ ಸ್ಕ್ಯಾನ್ ವರದಿಯಲ್ಲೂ ಅದು ಇರಲಿಲ್ಲ. ಒಮ್ಮೆ ಒಂದು ಕಡೆ ಸಿ.ಟಿ. ಮಾಡಿಸಿ, ಮೂರು ವಾರದ ನಂತರ ಇನ್ನೊಂದು ಕಡೆ ಎಂ.ಆರ್.ಐ. ಮಾಡಿಸಬೇಕಾಯಿತು. ಮೊದಲಿನದ್ದು 12, ಎರಡನೆಯದ್ದು 15. ಗಮನಾರ್ಹ ಹೆಚ್ಚಳ ಎಂದು ವರದಿಯಲ್ಲಿ ಬರೆದೂ ಇದ್ದರು. 12ರಿಂದ 15 ಎಂದರೆ ಗಾತ್ರ ಹೆಚ್ಚುಕಡಿಮೆ ಇಮ್ಮಡಿ. ಮೂರು ವಾರದಲ್ಲಿ! ಮನೆಯಲ್ಲಿ ಆ ರಾತ್ರಿ ಯಾರೂ ಊಟ ಮಾಡಲಿಲ್ಲ. ನನ್ನ ವೈದ್ಯರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಎರಡು ಬೇರೆ ಯಂತ್ರ, ಎರಡು ಬೇರೆ ಕೋನ, ಹೋಲಿಸಬೇಡಿ ಎಂದರು. ಮುಂದಿನ ಸಲ ಮೊದಲಿನ ಯಂತ್ರದಲ್ಲೇ ನೋಡಿದಾಗ 13.

ಮರವಂತೆಯಲ್ಲಿ ಕಡಲು ಎಷ್ಟು ಒಳಗೆ ಬಂದಿದೆ ಎಂದು ಅಳೆಯುವವರಿಗೆ ಇದನ್ನು ಹೇಳಬೇಕಾಗಿಲ್ಲ. ಆಷಾಢದಲ್ಲಿ ಭರತದ ಹೊತ್ತಿಗೆ ಒಂದು ಸಲ, ಡಿಸೆಂಬರ್‌ನಲ್ಲಿ ಇಳಿತದ ಹೊತ್ತಿಗೆ ಇನ್ನೊಂದು ಸಲ ಅಳೆದರೆ ಕಡಲು ಹಿಂದೆ ಹೋಯಿತೆಂದು ಸಂಭ್ರಮಿಸಬಹುದು. ಅದೇ ಕಲ್ಲಿನಿಂದ, ಅದೇ ತಿಂಗಳಲ್ಲಿ, ಅದೇ ನೀರಿನಲ್ಲಿ ಅಳೆಯಬೇಕು. ಸ್ಕ್ಯಾನಿಗೂ ಹಾಗೆಯೇ. ಈ ಗಂತಿಗಳಲ್ಲಿ ರಕ್ತನಾಳ ಹೆಚ್ಚು. ರಕ್ತಕ್ಕೆ ಚುಚ್ಚಿದ ಅಯೋಡಿನ್ ದ್ರಾವಣ ಸುಮಾರು 40 ಸೆಕೆಂಡಿನಲ್ಲಿ ಧಮನಿಗಳ ಮೂಲಕ ಬಂದಾಗ ಇವು ಬೆಳಗುತ್ತವೆ. ಸ್ವಲ್ಪ ತಡವಾದರೆ ಸುತ್ತಲಿನ ಊತಕದೊಂದಿಗೆ ಬೆರೆತು ಮಾಯವಾಗುತ್ತವೆ. ಯಾವ ಹಂತದ ಚಿತ್ರ ಎಂದು ತಿಳಿಯದೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಗ್ಯಾಲಿಯಮ್-68 ಬಳಸಿ ಮಾಡುವ ಪೆಟ್ ಸ್ಕ್ಯಾನಿನ ಬಗ್ಗೆ ಬರೆಯದಿದ್ದರೆ ನನ್ನೊಳಗಿನ ಭೌತವಿಜ್ಞಾನದ ಮೇಷ್ಟರಿಗೆ ಸಮಾಧಾನವಿಲ್ಲ. ಈ ಗಂತಿಗಳ ಕೋಶದ ಮೇಲೆ ಸೊಮಟೊಸ್ಟಾಟಿನ್ ಎಂಬ ಹಾರ್ಮೋನನ್ನು ಹಿಡಿಯುವ ಕೊಂಡಿಗಳು ಹೆಚ್ಚಾಗಿರುತ್ತವೆ. ಆ ಹಾರ್ಮೋನನ್ನು ಹೋಲುವ ಅಣುವಿಗೆ ಗ್ಯಾಲಿಯಮ್-68 ಕಟ್ಟಿ ಚುಚ್ಚಿದರೆ ಅದು ಹೋಗಿ ಅಲ್ಲೇ ಕೂರುತ್ತದೆ, ಪಾಸಿಟ್ರಾನ್ ಬಿಡುತ್ತದೆ, ನಾವು ಬೆಳಕು ಕಾಣುತ್ತೇವೆ. ಇದರ ಅರ್ಧಾಯು 68 ನಿಮಿಷ. ಮಂಗಳೂರಿನಲ್ಲಿ ತಯಾರಿಸಿ ಬೈಂದೂರಿಗೆ ಬಸ್ಸಿನಲ್ಲಿ ತಂದರೆ ಮೂರು ಗಂಟೆಯಲ್ಲಿ ಉಳಿಯುವುದು ಆರರಲ್ಲಿ ಒಂದು ಪಾಲು. ಹಾಗಾಗಿ ಔಷಧಿ ರೋಗಿಯ ಬಳಿ ಬರುವುದಿಲ್ಲ. ರೋಗಿಯೇ ಅದು ತಯಾರಾಗುವಲ್ಲಿಗೆ ಹೋಗಬೇಕು. ಅಲ್ಲಿ 271 ದಿನ ಅರ್ಧಾಯುವಿನ ಜರ್ಮೇನಿಯಮ್-68 ಇರುವ ಒಂದು ಪುಟ್ಟ ಪಾತ್ರೆಯಿಂದ ಹಸುವಿನ ಹಾಲು ಕರೆದಂತೆ ಪ್ರತಿದಿನ ಗ್ಯಾಲಿಯಮ್ ಕರೆಯುತ್ತಾರೆ.

ಅಂಥದೊಂದು ಸರದಿಯಲ್ಲಿ ಕೂತಿದ್ದಾಗಲೇ ಬೈಂದೂರು ಕಡೆಯ ಒಬ್ಬರ ಪರಿಚಯವಾಯಿತು. ಮೀನಿನ ಮಂಜುಗಡ್ಡೆಯ ವ್ಯವಹಾರ. ಅವರದ್ದೂ ಇದೇ ಬಗೆಯ ಗಂತಿ, 17 ಮಿ.ಮೀ. ನಿಧಾನವಾಗಿ ಬೆಳೆಯುವಂಥದ್ದು ಎಂದು ವೈದ್ಯರು ಹೇಳಿದ್ದನ್ನು ಅವರು ಬೆಳೆಯುವುದೇ ಇಲ್ಲ ಎಂದು ಕೇಳಿಸಿಕೊಂಡಿದ್ದರು. "ಮಳೆಗಾಲ ಕಳೀಲಿ, ಕಾಂಬ" ಎನ್ನುತ್ತಾ ಎರಡು ಮಳೆಗಾಲ ಕಳೆದವು. ಸುಮಾರು 70 ಕಿಲೋಮೀಟರ್ ದೂರದ ಮಣಿಪಾಲಕ್ಕೆ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಹೋದಂತೆ, ಸ್ಕ್ಯಾನಿನ ಖರ್ಚು ಬೇರೆ. ಅವರನ್ನು ಸುಮ್ಮನೆ ಬೈದು ಪ್ರಯೋಜನವಿಲ್ಲ. ಎರಡೂವರೆ ವರ್ಷದ ನಂತರ ನೋಡಿದಾಗ 26 ಮಿ.ಮೀ. ಶಸ್ತ್ರಕ್ರಿಯೆ ಆಯಿತು. ತೆಗೆದ ಭಾಗದ ಪಕ್ಕದ ಎರಡು ದುಗ್ಧಗ್ರಂಥಿಗಳಲ್ಲಿ ಕೋಶಗಳು ಸಿಕ್ಕವು. ಈಗ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾ ವ್ಯಾಪಾರ ನೋಡಿಕೊಂಡಿದ್ದಾರೆ.

ಗಾತ್ರ ಮೂರೂವರೆ ಪಟ್ಟಾಯಿತು. ಸಮವಾಗಿ ಬೆಳೆದಿದ್ದರೆ ಇಮ್ಮಡಿಯಾಗಲು ಸುಮಾರು 16 ತಿಂಗಳು. ಆದರೆ ಸಮವಾಗಿ ಬೆಳೆಯಿತೆಂದು ಹೇಗೆ ಹೇಳುವುದು? ನಕ್ಷೆಯ ಮೇಲೆ ಇರುವುದು ಎರಡೇ ಬಿಂದು. ಎರಡು ಬಿಂದುಗಳ ನಡುವೆ ಯಾವ ಗೆರೆಯನ್ನಾದರೂ ಎಳೆಯಬಹುದು. ಕೊನೆಯ ಆರು ತಿಂಗಳಲ್ಲೇ ಎಲ್ಲ ಆಗಿರಬಹುದು, ಮೊದಲ ವರ್ಷವೇ ಆಗಿ ನಿಂತಿರಬಹುದು. ಕೋಶಗಳು ಗ್ರಂಥಿಗೆ ಹೋದದ್ದು ಆ ಕಾಲದಲ್ಲೋ, 17 ಮಿ.ಮೀ. ಇದ್ದಾಗಲೇ ಹೋಗಿದ್ದವೋ? ತಮ್ಮ ತಪ್ಪಿನಿಂದ ಹೀಗಾಯಿತೇ ಎಂದು ಅವರು ನನ್ನನ್ನು ಕೇಳಿದರು. ಲೆಕ್ಕದ ಮೇಷ್ಟರಲ್ಲವೇ, ಹೇಳಿಬಿಡಿ ಎಂದರು. ನಡುವೆ ಎರಡು ಅಳತೆಗಳಿದ್ದಿದ್ದರೆ ಏನಾದರೂ ಹೇಳಬಹುದಿತ್ತು. ಜಾಬ್ಸ್ ಕುರಿತ ಆರುನೂರು ಪುಟ ದಾಟುವ ಪುಸ್ತಕ ಓದಿ ಮುಗಿಸಿದವನೂ ಇದೇ ಸ್ಥಿತಿಯಲ್ಲಿ ನಿಂತಿರುತ್ತಾನೆ. ವ್ಯತ್ಯಾಸವೆಂದರೆ, ಈ ಮನುಷ್ಯ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡು ಕೇಳಿದರು.

ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನ ವಾರ್ಷಿಕ ಸಂಚಿಕೆಗಾಗಿ ಸ್ಟ್ಯಾನ್‌ಫರ್ಡ್ ಭಾಷಣವನ್ನು ಕನ್ನಡಕ್ಕೆ ತಂದು ತೋರಿಸಿದಳು. ಬ್ರಹ್ಮಾವರದ ಹುಡುಗಿ, ಭಾಷೆ ಚೆನ್ನಾಗಿದೆ. ಕಾಯಿಲೆಯನ್ನು ಬರಿದೇ ಮೇದೋಜೀರಕದ ಕ್ಯಾನ್ಸರ್ ಎಂದು ಬರೆದಿದ್ದಳು. ಅದನ್ನು ಕಿರುದ್ವೀಪದ ಕೋಶಗಳ ಗಂತಿ ಎಂದು ತಿದ್ದಿಸಿ, ಒಂಬತ್ತು ತಿಂಗಳ ವಿಷಯವನ್ನು ಅಡಿಟಿಪ್ಪಣಿಯಲ್ಲಿ ಹಾಕು ಎಂದೆ. ಹಾಕಿದಳು. ಮರುದಿನ ಹಾಳೆ ಹಿಡಿದುಕೊಂಡು ಬಂದು, "ಸರ್, ಅಷ್ಟರಲ್ಲಿ ಅದು ಎಷ್ಟು ಮಿಲಿಮೀಟರ್ ಬೆಳೆದಿತ್ತು? ಅದೂ ಬರೆಯಬೇಕಲ್ಲ" ಎಂದಳು. ಆ ಜಾಗದಲ್ಲಿ ಒಂದು ಗೆರೆ ಎಳೆದು ಖಾಲಿ ಬಿಡಲು ಹೇಳಿದೆ. ಸಂಚಿಕೆ ಹಾಗೆಯೇ ಅಚ್ಚಾಯಿತು; ಕರಡು ತಿದ್ದುವವರ ಕಣ್ತಪ್ಪೆಂದು ಇಬ್ಬರು ಸಹೋದ್ಯೋಗಿಗಳು ನನ್ನ ಬಳಿ ದೂರಿದರು.